ಹಿತ್ತಲ ಹಿರಿಯರು

ಕನ್ನಡಕದಂಗಡಿಯವರಿಗೆ ಸುಳ್ಳು ಹೇಳುವ ಚಾಳಿ ಇರಲಿಲ್ಲ. ಸುಳ್ಳು ಹೇಳುವುದಕ್ಕೆ ಸ್ವಲ್ಪ ಮುಂದಾಲೋಚನೆ ಬೇಕು. ಅವರಿಗೆ ಅದರ ಅಭ್ಯಾಸವೇ ಇಲ್ಲ. ಬಾಯಿ ತೆರೆದ ಮೇಲೆ ಹೊರಗೆ ಬಂದದ್ದನ್ನು ಕೇಳಿ ಅವರೂ ಉಳಿದವರಷ್ಟೇ ಆಶ್ಚರ್ಯಪಡುತ್ತಿದ್ದರು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಈ ಮನುಷ್ಯ ತಮ್ಮ ಕನ್ನಡಕಕ್ಕಾಗಿ ಅಂಗಡಿಯನ್ನೆಲ್ಲ ತಡಕಾಡಿ, ಕೊನೆಗೆ ಯಾರಾದರೂ ಗಿರಾಕಿ ಅದನ್ನು ಅವರ ತಲೆಯ ಮೇಲಿಂದ ಮೂಗಿಗೆ ಇಳಿಸಿಕೊಟ್ಟರೆ, "ನೀವು ಸಿಕ್ಕಿದ್ದು ನನ್ನ ಪುಣ್ಯ" ಎಂದು ಕೈಮುಗಿಯುತ್ತಿದ್ದರು.

ಇಂಥವರು ಮಗಳ ಮದುವೆಯ ಮಾತಿಗೆಂದು ಹೋಗಿ ಕೂತದ್ದು ಒಬ್ಬ ನಿವೃತ್ತ ಜೈಲರ್ ಸಾಹೇಬರ ಹಜಾರದಲ್ಲಿ.

ಹುಡುಗ ಸಾಹೇಬರ ಮಗ, ಹಲ್ಲಿನ ಡಾಕ್ಟರು. ಹುಡುಗಿ ಅದೇ ದವಾಖಾನೆಯಲ್ಲಿ ನರ್ಸು. ಇಬ್ಬರೂ ಊರವರ ಬಾಯೊಳಗೆ ಇಣುಕುತ್ತ ಇಣುಕುತ್ತಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗಿತ್ತು. ದೊಡ್ಡವರಿಗೆ ಉಳಿದ ಕೆಲಸವೆಂದರೆ ಚಹಾ ಕುಡಿದು ತಲೆಯಾಡಿಸುವುದು. ಕನ್ನಡಕದವರ ಹೆಂಡತಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು. "ರೀ, ಚಹಾ ಕುಡೀರಿ. ತಲೆ ಆಡಿಸಿ. ಬಾಯಿ ಮಾತ್ರ ಬಿಡಬೇಡಿ."

ಸಾಹೇಬರ ಗೋಡೆಯ ಮೇಲೆ ಅವರ ಹಿರಿಯರ ಭಾವಚಿತ್ರಗಳಿದ್ದವು. ಹಾಜರಿಗೆ ನಿಲ್ಲಿಸಿದ ಹಾಗೆ ಒಂದೇ ಸಾಲು, ಒಂದೇ ಎತ್ತರ. ಯಾರೂ ನಗುವ ಹಾಗಿಲ್ಲ. ಸಾಹೇಬರು ಬೆತ್ತದಿಂದ ಒಬ್ಬೊಬ್ಬರನ್ನೇ ತೋರಿಸಿದರು. "ನಮ್ಮ ತಂದೆ. ನಮ್ಮ ಅಜ್ಜ. ಇವರು..." ಬೆತ್ತ ಒಂದು ಬರಿಯ ಮೊಳೆಯ ಹತ್ತಿರ ನಿಂತಿತು.

"ಇದು ನಮ್ಮ ಮುತ್ತಜ್ಜನ ಜಾಗ. ಒಂದು ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ವಾಪಸ್ ಬರಲೇ ಇಲ್ಲ. ನನ್ನ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಕೈದಿ ತಪ್ಪಿಸಿಕೊಂಡಿಲ್ಲ, ಕನ್ನಡಕದವ್ರೇ. ಆದ್ರೆ ನನ್ನ ಮನೆ ಹಾಜರಿಯಲ್ಲೇ ಒಬ್ಬರು ಕಡಿಮೆ! ರಾತ್ರಿ ಮಲಗಿದ್ರೂ ಆ ಮೊಳೆ ಕಣ್ಣಿಗೆ ಚುಚ್ಚುತ್ತೆ." ಆಮೇಲೆ ಕಣ್ಣೊರೆಸಿಕೊಂಡು, "ಇರಲಿ. ನಿಮ್ಮ ಕಡೆ ಹೇಗೆ? ಎಷ್ಟು ತಲೆಮಾರು ಗೊತ್ತು?" ಎಂದರು.

ಕನ್ನಡಕದವರಿಗೆ ಗೊತ್ತಿದ್ದದ್ದು ಒಬ್ಬ ತಾತ. ಆತ ಛತ್ರಿ ರಿಪೇರಿ ಮಾಡುತ್ತಿದ್ದ. ಎಲ್ಲರೂ ಅವನನ್ನು ಛತ್ರಿ ಎಂದೇ ಕರೆಯುತ್ತಿದ್ದದ್ದರಿಂದ ಅವನ ಹೆಸರೂ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಗೋಡೆಯ ಮೇಲಿಂದ ಅಷ್ಟೊಂದು ಮೀಸೆಗಳು ದಿಟ್ಟಿಸುತ್ತಿರುವಾಗ ಛತ್ರಿಯನ್ನು ಬಿಚ್ಚುವುದಾದರೂ ಹೇಗೆ? ಕನ್ನಡಕದವರು ಬಾಯಿ ತೆರೆದರು.

"ನಮ್ಮ ಹಿರಿಯರೆಲ್ಲ ನಮ್ಮ ಹಿತ್ತಲಲ್ಲೇ ಇದ್ದಾರೆ."

"ಹಿತ್ತಲಲ್ಲಾ?"

"ಹೂಂ. ಸಾಲಾಗಿ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು."

ಹಿತ್ತಲ ಗೋಡೆಗೆ ಬೆನ್ನು ಮಾಡಿ, ಬುಡ ಮಣ್ಣಿನಲ್ಲಿ ಹೂತು, ಬಳ್ಳಿ ಹಬ್ಬಿಸಿಕೊಂಡು ಒಂದಷ್ಟು ಹಳೆಯ ಸಮಾಧಿ ಕಲ್ಲುಗಳಿದ್ದದ್ದು ನಿಜ. ಅಷ್ಟರಮಟ್ಟಿಗೆ ಅವರು ಸುಳ್ಳು ಹೇಳಲಿಲ್ಲ. ಜೈಲರ್ ಸಾಹೇಬರು ಎದ್ದೇ ನಿಂತರು. "ಒಬ್ಬರೂ ತಪ್ಪಿಸಿಕೊಂಡಿಲ್ಲ! ಇಂಥ ಮನೆತನ ಬೇಕು ಕಣ್ರೀ ನಮಗೆ. ಬರೋ ಭಾನುವಾರ ನಾವೇ ಬಂದು ಹಿರಿಯರನ್ನ ನೋಡ್ತೀವಿ."

ಬೀದಿಗೆ ಇಳಿದದ್ದೇ ತಡ, ಹೆಂಡತಿ ಶುರು ಮಾಡಿದಳು. "ರೀ, ಆ ಮನೆ ಯಾರದು?"

"ನಮ್ಮದೇ."

"ನಮ್ಮಪ್ಪ ಕೊಂಡ ಮನೆ. ನೀವು ಮದುವೆ ಆದ್ಮೇಲೆ ಒಂದು ಟ್ರಂಕು ಹಿಡ್ಕೊಂಡು ಬಂದು ಸೇರಿದ್ದು. ನಿಮ್ಮ ಹಿರಿಯರು ಬಂದು ಬಂದು ನಮ್ಮಪ್ಪನ ಹಿತ್ತಲಲ್ಲಿ ಯಾಕ್ರೀ ಸತ್ರು? ಅವರಿಗೆ ಬೇರೆ ಜಾಗ ಸಿಗ್ಲಿಲ್ವಾ?"

ಕನ್ನಡಕದವರು ಬೀದಿಯ ತಿರುವಿನವರೆಗೂ ಯೋಚಿಸಿದರು. "ಸಾಯೋರು ಜಾಗ ನೋಡಿ ಸಾಯ್ತಾರೇನೇ?" ಎಂದರು.

ಮಾರನೆಯ ಬೆಳಿಗ್ಗೆ ಅವರು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಕೀಟು ನೀರು, ಅಂಗಡಿಯ ಭೂತಗನ್ನಡಿ ಹಿಡಿದು ಹಿತ್ತಲಿಗೆ ಇಳಿದರು. ಹಿರಿಯರ ತಲೆಯ ಮೇಲೆ ದಿಂಬುಗಳು ಒಣಗುತ್ತಿದ್ದವು. ಮನೆಯ ಯಜಮಾನಿ, ಅಂದರೆ ಅವರ ಅತ್ತೆ, ಬಿಸಿಲು ಬಂದ ದಿನವೆಲ್ಲ ದಿಂಬು ಒಣಗಿಸುತ್ತಿದ್ದದ್ದು ಆ ಕಲ್ಲುಗಳ ಮೇಲೇ.

"ಅತ್ತೆ, ಇನ್ನು ಮೇಲೆ ಹಿರಿಯರ ಮೇಲೆ ದಿಂಬು ಹಾಕಬೇಡಿ."

"ಅಲ್ಲ ಅಳಿಯಂದ್ರೇ, ಆ ಕಲ್ಲು ಇದಾವಲ್ಲ, ನಿಮ್ಮ ಮಾವನವರು ಈ ಮನೆ ಕೊಂಡಾಗ..."

"ದಿಂಬಿನ ವಿಷಯ ಆಮೇಲೆ ಮಾತಾಡೋಣ ಅತ್ತೆ."

ಅತ್ತೆ ದಿಂಬುಗಳನ್ನು ಎದೆಗೆ ಅವುಚಿಕೊಂಡು ಒಳಗೆ ಹೋದರು.

ಕನ್ನಡಕದವರು ಬ್ರಷ್ಷಿನಿಂದ ಉಜ್ಜಿ ಉಜ್ಜಿ ಮೊದಲ ಕಲ್ಲಿನ ಪಾಚಿ ತೆಗೆದರು. ಮೇಲೆ ಹೆಸರಿರಬೇಕಾದ ಜಾಗ ನುಣ್ಣಗೆ ಬೋಳಾಗಿತ್ತು. ಅದರ ಕೆಳಗೆ, "ಶಾಂತ ಸ್ವಭಾವದವರೂ ದುಡಿಮೆಗಾರರೂ ಎಲ್ಲರಿಗೂ ಬೇಕಾದವರೂ ಆಗಿದ್ದರು." ಮಳೆಗಾಳಿಗೆ ಹೆಸರು ಸವೆದುಹೋಗಿದೆ ಎಂದು ಅವರು ತೀರ್ಮಾನಿಸಿದರು. ಮಳೆಗಾಳಿ ಹೆಸರನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಯಾಕೆ ಬಿಟ್ಟಿತು ಎಂಬ ಪ್ರಶ್ನೆ ಇನ್ನೊಬ್ಬರಿಗಾದರೆ ಬರುತ್ತಿತ್ತು. ಎರಡನೆಯ ಕಲ್ಲಿನಲ್ಲಿ "ಅಕ್ಕರೆಯ ಮಡದಿ, ಮಮತೆಯ ತಾಯಿ" ಎಂದಿತ್ತು. ಅದಕ್ಕೂ ಹೆಸರಿಲ್ಲ.

ಮೂರನೆಯ ಕಲ್ಲನ್ನು ಉಜ್ಜಿದ ಮೇಲೆ ಅವರ ಕೈಯಿಂದ ಬ್ರಷ್ಷು ಜಾರಿ ಬಿತ್ತು. ಆ ಕಲ್ಲಿನ ಮೇಲೆ ಯಾರ ಗುಣಗಾನವೂ ಇರಲಿಲ್ಲ, ಬರಿಯ ಅಕ್ಷರಗಳು. ಮೇಲಿನ ಸಾಲಿನಲ್ಲಿ ಅಂಗೈಯಗಲದ ಅಕ್ಷರ, ಅದರ ಕೆಳಗೆ ಸ್ವಲ್ಪ ಸಣ್ಣವು, ಇನ್ನೂ ಕೆಳಗೆ ಇನ್ನೂ ಸಣ್ಣವು, ತೀರ ಕೆಳಗೆ ಕಡಲೆಕಾಳಿನಷ್ಟು. ಥೇಟ್ ಅವರ ಅಂಗಡಿಯ ಗೋಡೆಯ ಮೇಲೆ ಕಣ್ಣು ಪರೀಕ್ಷೆಗೆ ತೂಗುಹಾಕಿದ ಹಲಗೆಯಂತೆ!

"ಬಾರೇ ಇಲ್ಲಿ! ಓಡಿ ಬಾ!" ಎಂದು ಅವರು ಕೂಗಿದ ಕೂಗಿಗೆ ಹೆಂಡತಿ ಹಾವು ಕಚ್ಚಿತೆಂದುಕೊಂಡು ದೊಣ್ಣೆಯೊಂದಿಗೆ ಬಂದಳು. "ನೋಡು! ನಮ್ಮ ಹಿರಿಯರೂ ಕಣ್ಣಿನ ಕಸುಬಿನವರೇ! ಇನ್ನೇನು ಸಾಕ್ಷಿ ಬೇಕೇ ನಿನಗೆ? ಇದು ನನಗೆ ರಕ್ತದಲ್ಲೇ ಬಂದಿದೆ!"

"ಸತ್ತೋರ ತಲೆ ಹತ್ರ ನಿಂತು ಯಾರ್ರೀ ಕಣ್ಣು ಪರೀಕ್ಷೆ ಮಾಡಿಸ್ಕೋತಾರೆ?"

"ಕಸುಬಿನ ಮೇಲೆ ಅಷ್ಟು ಪ್ರೀತಿ ಇತ್ತು ಅವರಿಗೆ" ಎಂದು ಕನ್ನಡಕದವರು ಕಣ್ಣೊರೆಸಿಕೊಂಡರು.

ಅಂದಿನಿಂದ ಅವರಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅಕ್ಷರದ ಕಲ್ಲಿನವರು ಅಜ್ಜನ ಅಪ್ಪ, ಅವರ ತಂದೆ ಶಾಂತ ಸ್ವಭಾವದವರು, ತಾಯಿ ಅಕ್ಕರೆಯ ಮಡದಿ ಎಂದು ಅಂಗಡಿಗೆ ಬಂದವರಿಗೆಲ್ಲ ವಿವರಿಸಿದರು. ಕಣ್ಣು ತೋರಿಸಲು ಬಂದವರು ಗದ್ದವನ್ನು ಪರೀಕ್ಷೆಯ ಯಂತ್ರದ ಮೇಲಿಟ್ಟು ಕೂತಿರುವಾಗ ಎದ್ದು ಓಡುವ ಹಾಗೂ ಇರಲಿಲ್ಲ. ಸುದ್ದಿ ಬೀದಿಯೆಲ್ಲ ಹರಡಿತು.

ಮೊದಲು ಬಂದವನು ಪಕ್ಕದ ಮನೆಯ ಟೈಲರು. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಹಿತ್ತಲನ್ನು ಅಳೆಯತೊಡಗಿದ. "ಕನ್ನಡಕದಣ್ಣಾ, ನೆರಳಿನ ಕಡೆ ನಮ್ಮಮ್ಮನಿಗೆ ಒಂದು ಜಾಗ ಇಟ್ಟಿರಿ. ಅವಳಿಗೆ ಬಿಸಿಲು ಆಗಲ್ಲ." ಕಾಂಪೌಂಡಿನ ಆಚೆಯಿಂದ ಅವನ ತಾಯಿಯ ತಲೆ ಎದ್ದಿತು. "ನನ್ನ ರವಿಕೆ ಅಳತೆ ತಗೋ ಅಂದ್ರೆ ಮೂರು ತಿಂಗಳಿಂದ ಪುರುಸೊತ್ತಿಲ್ಲ, ಇದಕ್ಕೆ ಮಾತ್ರ ಟೇಪು ಹಿಡ್ಕೊಂಡು ಓಡಿದೀಯಾ, ಮುಟ್ಠಾಳ!"

ಆಮೇಲೆ ನಗರಸಭೆಯ ಆರೋಗ್ಯಾಧಿಕಾರಿ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಸುತ್ತಲೂ ನೋಡಿ, "ಸ್ಮಶಾನ ಅಂದ ಮೇಲೆ ಸಾರ್ವಜನಿಕರಿಗೆ ಸಂಜೆವರೆಗೂ ಗೇಟು ತೆಗೆದಿರಬೇಕು. ಕೂರೋಕೆ ಬೆಂಚು ಬೇಕು. ನಿಮ್ಮ ಬಚ್ಚಲುಮನೆ ಸಮಾಧಿಗಳಿಗೆ ಬಹಳ ಹತ್ತಿರ ಇದೆ, ಅದನ್ನ ಬೇರೆ ಕಡೆ ಸರಿಸಿ" ಎಂದರು.

"ಬಚ್ಚಲುಮನೆ ಸರಿಸೋದಾ? ಅದೇನು ಕುರ್ಚಿನಾ?" ಎಂದಳು ಹೆಂಡತಿ.

"ಹಾಗಾದ್ರೆ ಹಿರಿಯರನ್ನ ಸರಿಸಿ" ಎಂದು ಹೇಳಿ ಅಧಿಕಾರಿ ಹೊರಟುಹೋದರು. ಅತ್ತೆ ಬಾಗಿಲಲ್ಲಿ ನಿಂತು, "ಅಳಿಯಂದ್ರೇ, ನಾನೊಂದು ಮಾತು..." ಎಂದರು. "ದಿಂಬಿನ ವಿಷಯ ಆಮೇಲೆ ಅತ್ತೆ" ಎಂದರು ಕನ್ನಡಕದವರು.

ಭಾನುವಾರ ಜೈಲರ್ ಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮಗನೊಂದಿಗೆ ಬಂದರು. ಕಲ್ಲುಗಳ ಮುಂದೆ ಟಕ್ಕೆಂದು ನಿಂತು ತಲೆಬಾಗಿದರು. ಟೈಲರು ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದ. ಕನ್ನಡಕದವರು ಮೊದಲ ಕಲ್ಲನ್ನು ತೋರಿಸಿ, "ಇವರು ನಮ್ಮ ಮೂಲ ಪುರುಷರು" ಎಂದರು.

ಸಾಹೇಬರು ಬಗ್ಗಿ ಓದಿದರು. "ಶಾಂತ ಸ್ವಭಾವದವರೂ... ದುಡಿಮೆಗಾರರೂ..." ಅವರು ಇನ್ನೂ ಬಗ್ಗಿದರು. "ಎಲ್ಲರಿಗೂ ಬೇಕಾದವರೂ... ಅಯ್ಯೋ! ಇವರು ನಮ್ಮ ಮುತ್ತಜ್ಜ!"

"ಅದು ಹೇಗೆ ಸಾಹೇಬ್ರೇ?"

"ನಮ್ಮ ಅಜ್ಜಿ ಹೇಳ್ತಿದ್ದದ್ದೂ ಇದೇ ಮಾತು! ಶಾಂತ ಮನುಷ್ಯ, ದುಡೀತಿದ್ದ, ಎಲ್ಲರಿಗೂ ಬೇಕಾಗಿದ್ದ ಅಂತ."

"ನಮ್ಮ ದೊಡ್ಡಪ್ಪನೂ ಹಾಗೇ ಇದ್ದ" ಎಂದ ಟೈಲರು ಕಾಂಪೌಂಡಿನ ಮೇಲಿಂದ. ಯಾರೂ ಕಿವಿಗೊಡಲಿಲ್ಲ.

"ಆದ್ರೆ ಹೆಸರೇ ಇಲ್ಲವಲ್ಲ" ಎಂದ ಹಲ್ಲಿನ ಡಾಕ್ಟರು ಮೆಲ್ಲಗೆ.

"ಅದೇ ಕಣೋ ದೊಡ್ಡ ಸಾಕ್ಷಿ! ತಪ್ಪಿಸಿಕೊಂಡು ಹೋದೋನು ಎಲ್ಲಾದ್ರೂ ನಿಜವಾದ ಹೆಸರು ಹೇಳ್ತಾನಾ? ನನಗೆ ಹೇಳಿಕೊಡಬೇಡ, ಇದರಲ್ಲೇ ನನ್ನ ತಲೆ ಬೆಳ್ಳಗಾಗಿದೆ." ಸಾಹೇಬರು ಕಲ್ಲಿನ ಭುಜ ಹಿಡಿದುಕೊಂಡರು. "ಇಷ್ಟು ವರ್ಷ ಇಲ್ಲಿದ್ರಾ, ಮುತ್ತಜ್ಜಾ!"

ಕನ್ನಡಕದವರಿಗೂ ಎದೆ ತುಂಬಿ ಬಂತು. "ಸಾಹೇಬ್ರೇ! ಅವರು ನಿಮಗೂ ಮುತ್ತಜ್ಜ, ನಮಗೂ ಮೂಲ ಪುರುಷರು. ಹಾಗಾದ್ರೆ ನಾವೂ ನೀವೂ..."

"ಒಂದೇ ರಕ್ತ!" ಎಂದು ಸಾಹೇಬರು ತೋಳು ಚಾಚಿದರು.

ಇಬ್ಬರೂ ತಬ್ಬಿಕೊಂಡು ಅತ್ತರು. ಕೋಟಿನ ಗುಂಡಿ ಸಿಕ್ಕಿಹಾಕಿಕೊಂಡು ಕನ್ನಡಕದವರ ಕನ್ನಡಕ ಕೆಳಗೆ ಬಿತ್ತು. ಟೈಲರೂ ಎರಡು ಹನಿ ಉದುರಿಸಿದ. ಆಗ ಹಿತ್ತಲ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಕೇಳಿದಳು.

"ನೀವಿಬ್ಬರೂ ಒಂದೇ ರಕ್ತ ಆದ್ರೆ ಹುಡುಗ ಹುಡುಗಿ ಏನಾದ್ರು?"

ಅಪ್ಪುಗೆ ಹಾಗೇ ನಿಂತಿತು. ತಬ್ಬಿಕೊಂಡವರಿಗೆ ಬಿಡುವುದೋ ಹಿಡಿಯುವುದೋ ತಿಳಿಯಲಿಲ್ಲ. ಜೈಲರ್ ಸಾಹೇಬರು ಕನ್ನಡಕದವರ ಭುಜದ ಮೇಲಿಂದ ತಲೆಯೆತ್ತಿ, "ಅಣ್ಣ ತಂಗಿ" ಎಂದರು.

ಮದುವೆ ನಿಂತಿತು.

ಆಮೇಲಿನ ದಿನಗಳಲ್ಲಿ ಕನ್ನಡಕದವರು ತಮ್ಮ ಬುದ್ಧಿಯನ್ನೆಲ್ಲ ಬಳಸಿ ದಾರಿ ಹುಡುಕಿದರು. ಬಳಸದೆ ಇದ್ದಿದ್ದರೆ ಒಳ್ಳೆಯದಿತ್ತು. ಸಾಹೇಬರ ಮನೆಗೆ ಹೋಗಿ, "ಮೊದಲ ಕಲ್ಲು ನಿಮಗಿರಲಿ. ಅಕ್ಷರದ ಕಲ್ಲಿನವರೊಬ್ಬರನ್ನ ನಾವು ಇಟ್ಕೋತೀವಿ" ಎಂದರು.

"ಅವರ ತಂದೆ ಯಾರು ಅಂತ ನೀವೇ ಹೇಳಿದ್ದು?"

"ಮೊದಲ ಕಲ್ಲಿನವರು."

"ಮತ್ತೆ? ಅಪ್ಪ ನಮ್ಮವರು, ಮಗ ನಿಮ್ಮವರು, ಸಂಬಂಧ ಇಲ್ಲ ಅಂದ್ರೆ ನಡೆಯುತ್ತಾ? ಟೈಲರ್ ಎದುರಿಗೆ ಕೊಟ್ಟ ಹೇಳಿಕೆ ಬದಲಾಯಿಸ್ತಿದೀರಿ, ಕನ್ನಡಕದವ್ರೇ! ಬಿಟ್ಟರೆ ಪೂರ್ತಿ ಬಿಡಿ."

"ನೀವೇ ಬಿಡಿ ಸಾಹೇಬ್ರೇ. ನಿಮಗೆ ಗೋಡೆ ತುಂಬ ಇದ್ದಾರೆ."

"ಸಿಕ್ಕೋರನ್ನ ಬಿಡೋದಾ? ನಾನಾ?" ಸಾಹೇಬರು ಬರಿಯ ಮೊಳೆಯ ಕಡೆ ಬೆತ್ತ ತೋರಿಸಿದರು. ಮಾತು ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಮಗಳು ಮಾತು ಬಿಟ್ಟಿದ್ದಳು. ಹಲ್ಲಿನ ಡಾಕ್ಟರು ಅಂಗಡಿಗೆ ಬಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಬೇಡಿಕೊಳ್ಳಲು ಬಂದವನು ಬೇಡಿಕೊಳ್ಳಲಾರದೆ, ಕಣ್ಣು ಸರಿಯಾಗಿದ್ದರೂ ಒಂದು ಕನ್ನಡಕ ಹಾಕಿಸಿಕೊಂಡು ಹೋದ. ಅಂದು ಸಂಜೆ ಮಗಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಒಂದೇ ಮಾತು ಹೇಳು. ನಿನಗೆ ಅಜ್ಜ ಬೇಕಾ, ಅಳಿಯ ಬೇಕಾ?"

"ಅಲ್ಲ ಮಗಳೇ, ಆ ಅಕ್ಷರದ ಕಲ್ಲು... ನಮ್ಮ ಕಸುಬು... ರಕ್ತದಲ್ಲಿ..."

"ಆ ಅಜ್ಜ ನಿನ್ನ ಎತ್ತಿ ಆಡಿಸಿದ್ನಾ? ಛತ್ರಿ ತಾತನೇ ಅಲ್ವಾ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೀದಿ ಬೀದಿ ತಿರುಗಿದ್ದು? ಅವನ ವಿಷಯ ಒಬ್ಬರ ಎದುರಿಗೂ ನೀನು ಹೇಳಲ್ಲ."

ಕನ್ನಡಕದವರು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಡಗಾಲಿನದು ಅತ್ತೆಯ ಚಪ್ಪಲಿ.

ಜೈಲರ್ ಸಾಹೇಬರ ಹಜಾರದಲ್ಲಿ, ಮೀಸೆಗಳ ಸಾಲಿನ ಎದುರಿಗೆ ನಿಂತು ಅವರು ಹೇಳಿದರು. "ಸಾಹೇಬ್ರೇ, ನನಗೆ ಗೊತ್ತಿರೋದು ಒಬ್ಬ ತಾತ. ಬೀದಿ ಬೀದಿಯಲ್ಲಿ ಛತ್ರಿ ರಿಪೇರಿ ಮಾಡ್ತಿದ್ದ. ಹೆಸರೂ ಸರಿಯಾಗಿ ಗೊತ್ತಿಲ್ಲ. ಆ ಮನೆ ನಮ್ಮ ಮಾವನವರದು, ಹಿತ್ತಲೂ ಅವರದೇ, ಅಲ್ಲಿರೋರು ಯಾರೂ ನನಗೆ ಏನೂ ಆಗಬೇಕಿಲ್ಲ. ಮುತ್ತಜ್ಜ ಪೂರ್ತಿ ನಿಮ್ಮವರೇ. ಕರ್ಕೊಂಡು ಹೋಗಿ. ಮಕ್ಕಳ ಮದುವೆ ಒಂದು ಮಾಡಿಸಿ."

ಸಾಹೇಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೇರೆ ಬೇರೆ ಚಪ್ಪಲಿಗಳ ಮೇಲೆ ಅವರ ದೃಷ್ಟಿ ಸ್ವಲ್ಪ ಹೊತ್ತು ನಿಂತಿತು. "ತಾವಾಗಿ ಒಪ್ಪಿಕೊಂಡೋರ ಮೇಲೆ ನಾನು ಯಾವತ್ತೂ ಕಠಿಣವಾಗಿ ನಡೆದುಕೊಂಡಿಲ್ಲ" ಎಂದರು. "ನಾಳೆ ಬೆಳಿಗ್ಗೆ ಕೈಗಾಡಿ ತರ್ತೀನಿ. ಅಸ್ಥಿ ಅಲ್ಲೇ ವಿಶ್ರಾಂತಿ ತಗೊಳ್ಳಲಿ. ಹಾಜರಿಗೆ ಕಲ್ಲು ಸಾಕು."

ಬೆಳಿಗ್ಗೆ ಬೀದಿಯೆಲ್ಲ ಹಿತ್ತಲಿಗೆ ಬಂದಿತ್ತು. ಬಚ್ಚಲಿನ ನೀರು ಹರಿದು ಕಲ್ಲಿನ ಬುಡ ಕೆಸರಾಗಿತ್ತು. ಹಲ್ಲಿನ ಡಾಕ್ಟರು ಒಂದು ಕಡೆ, ಟೈಲರು ಇನ್ನೊಂದು ಕಡೆ ಹಿಡಿದು ಅಲ್ಲಾಡಿಸಿದರು. "ಸ್ವಲ್ಪ ನೋವಾಗುತ್ತೆ, ಅಷ್ಟೇ" ಎಂದ ಡಾಕ್ಟರು ಅಭ್ಯಾಸಬಲದಿಂದ. ಕಲ್ಲಿಗೂ ಗೋಡೆಗೂ ನಡುವಿನ ಸಂದಿಗೆ ಹೋಗಿ ಹಿಂದಿನಿಂದ ತಳ್ಳುವ ಕೆಲಸ ಕನ್ನಡಕದವರದಾಯಿತು. ಅವರು ಬಳ್ಳಿ ಕಿತ್ತು, ಕೆಸರನ್ನು ಅಂಗೈಯಿಂದ ಸವರಿದರು. ಕಲ್ಲಿನ ಬೆನ್ನ ಮೇಲೂ ಅಕ್ಷರಗಳಿದ್ದವು. ಜೀವಮಾನದಲ್ಲಿ ಮೊದಲ ಸಲ ಅವರ ಕನ್ನಡಕ ಬೇಕಾದ ಹೊತ್ತಿಗೆ ಕಣ್ಣ ಮೇಲೇ ಇತ್ತು. ಓದಿದರು.

"ಮಾದರಿ ಕಲ್ಲು. ನಿಮ್ಮವರ ಹೆಸರು ಕೆತ್ತಿಸಲು ಒಳಗೆ ವಿಚಾರಿಸಿ."

ಇನ್ನೊಮ್ಮೆ ಓದಿದರು. ಕತ್ತು ಚಾಚಿ ಅಕ್ಷರದ ಕಲ್ಲಿನ ಹಿಂಬದಿ ನೋಡಿದರು. "ಯಾವ ಅಳತೆಯ ಅಕ್ಷರ ಬೇಕೆಂದು ಮೊದಲೇ ತಿಳಿಸಿ" ಎಂದು ಅಲ್ಲಿತ್ತು.

ಕಲ್ಲಿನ ಆ ಕಡೆ ಜೈಲರ್ ಸಾಹೇಬರು ಕರವಸ್ತ್ರದಿಂದ ಬೋಳು ಜಾಗವನ್ನು ಮೆತ್ತಗೆ ಒರೆಸುತ್ತಿದ್ದರು. "ಬನ್ನಿ ಮುತ್ತಜ್ಜಾ" ಎನ್ನುತ್ತಿದ್ದರು. "ಯಾರೂ ಬಯ್ಯೋದಿಲ್ಲ. ಮನೆಗೆ ಹೋಗೋಣ."

ಕನ್ನಡಕದವರ ಬಾಯಿ ತೆರೆಯಿತು. ಹಿತ್ತಲ ಬಾಗಿಲಲ್ಲಿ ಮಗಳು ನಿಂತಿದ್ದಳು. ಬಾಯಿ ಮುಚ್ಚಿತು. ಆ ಮನೆಯಲ್ಲಿ ಅಂಥದೊಂದು ಹಿಂದೆಂದೂ ನಡೆದಿರಲಿಲ್ಲ.

ಕಲ್ಲು ಮೇಲೆದ್ದದ್ದೇ ತಡ, ಅವರು ಅದರ ಬೆನ್ನನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು ಹೊಟ್ಟೆ ಒತ್ತಿ ಹಿಡಿದರು.

"ಬಿಡಿ ಕನ್ನಡಕದಣ್ಣಾ, ನಾವು ಎತ್ತುತೀವಿ" ಎಂದ ಟೈಲರು.

"ಬಿಡಲ್ಲ!"

"ಅಂಗಿ ಕೆಸರಾಗುತ್ತೆ ರೀ" ಎಂದಳು ಹೆಂಡತಿ.

"ಆಗ್ಲಿ!"

ಹಿತ್ತಲಿನಿಂದ ಗೇಟಿನವರೆಗೆ, ಗೇಟಿನಿಂದ ಕೈಗಾಡಿಯವರೆಗೆ ಅವರು ಕಲ್ಲಿಗೆ ಅಂಟಿಕೊಂಡೇ ಏಡಿಯಂತೆ ಅಡ್ಡಡ್ಡ ನಡೆದರು. ಗಾಡಿಯಲ್ಲೂ ಅದರ ಪಕ್ಕ ಮಲಗಿಕೊಂಡರು. ಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು. "ಬಿಟ್ಟುಕೊಟ್ಟ ಮೇಲೂ ಎಂಥ ಪ್ರೀತಿ ನೋಡಿ" ಎಂದಳು ಟೈಲರನ ತಾಯಿ. "ಕಲಿತ್ಕೋ, ಮುಟ್ಠಾಳ!"

ಜೈಲರ್ ಸಾಹೇಬರ ಹಜಾರದಲ್ಲಿ ಬರಿಯ ಮೊಳೆಯ ಕೆಳಗೆ ಕಲ್ಲನ್ನು ಗೋಡೆಗೆ ಸೇರಿಸಿ ನಿಲ್ಲಿಸಿದರು. "ಸಿಮೆಂಟು ಜಾಸ್ತಿ ಹಾಕಿ, ಹಿಂದೆ ಒಂಚೂರೂ ಸಂದಿ ಬಿಡಬೇಡಿ" ಎಂದು ಕನ್ನಡಕದವರು ಗಾರೆಯವನಿಗೆ ಅಂಗಲಾಚಿದರು. ಸಾಹೇಬರಿಗೆ ಮೆಚ್ಚಿಗೆಯಾಯಿತು. "ಹೌದು. ಈ ಸಲ ಅಲ್ಲಾಡಬಾರದು." ಆಮೇಲೆ ಅವರು ಕೋಟು ಸರಿಪಡಿಸಿಕೊಂಡು ಗೋಡೆಯ ಎದುರು ನಿಂತು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಾಡಿಸಿದರು.

"ಎಲ್ಲರೂ ಹಾಜರ್" ಎಂದರು. ಅಷ್ಟು ಗಟ್ಟಿ ಗಂಟಲಿನ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವರ ಮಗನೂ ಕೇಳಿರಲಿಲ್ಲ. ಕನ್ನಡಕದವರು ಮೂಗು ಸೀಟಿಕೊಂಡರು.

ಮನೆಗೆ ಬಂದು ಅವರು ನಿಲುವುಗನ್ನಡಿಯ ಮುಂದೆ ಗುಂಡಿ ಬಿಚ್ಚುತ್ತಿರುವಾಗ ಹೆಂಡತಿ ಹಿಂದಿನಿಂದ ಬಂದಳು. ಕೆಸರು ಹತ್ತಿದ ಅಂಗಿಯ ಮೇಲೆ, ಕಲ್ಲಿನ ಅಕ್ಷರಗಳ ಕುಳಿ ಇದ್ದ ಕಡೆ ಮಾತ್ರ ಬಿಳಿಯ ಬಟ್ಟೆ ಉಳಿದಿತ್ತು. ಹೊಟ್ಟೆಯ ಮೇಲೆ ಉಲ್ಟಾ ಮೂಡಿದ್ದದ್ದು ಕನ್ನಡಿಯಲ್ಲಿ ಸರಿಯಾಗಿ ನಿಂತಿತ್ತು. ಹೆಂಡತಿ ಅಕ್ಷರ ಕೂಡಿಸಿ ಓದಿದಳು. "ನಿಮ್ಮವರ ಹೆಸರು ಕೆತ್ತಿಸಲು... ಒಳಗೆ..." ಆಮೇಲೆ ಮಂಚದ ಮೇಲೆ ಕುಸಿದು ಕೂತು ನಗತೊಡಗಿದಳು. ಮಗಳು ಓಡಿ ಬಂದಳು, ಅವಳೂ ಓದಿದಳು, ಅವಳೂ ಕೂತಳು. ನಗುನಗುತ್ತಲೇ ಎದ್ದು ಅಪ್ಪನನ್ನು ಕೆಸರಂಗಿಯ ಸಮೇತ ತಬ್ಬಿಕೊಂಡಳು.

ಅತ್ತೆ ದಿಂಬುಗಳೊಂದಿಗೆ ಹಿತ್ತಲಿಗೆ ಹೊರಟಿದ್ದರು. ಕನ್ನಡಕದವರು ಅವರನ್ನು ನಿಲ್ಲಿಸಿದರು. "ಅತ್ತೆ, ನಿಮಗೆ ಗೊತ್ತಿತ್ತಾ?"

"ಈ ಮನೆ ಮಾರಿದೋನು ಕಲ್ಲು ಕೆತ್ತೋನು ಅಳಿಯಂದ್ರೇ. ಸಾಮಾನು ಸಾಗಿಸುವಾಗ ಭಾರ ಅಂತ ಅವನ್ನೆಲ್ಲ ಇಲ್ಲೇ ಬಿಟ್ಟು ಹೋದ. ನಾನು ಅವತ್ತಿಂದ ಹೇಳ್ತಾನೇ ಇದೀನಿ, ನೀವು ದಿಂಬು ದಿಂಬು ಅಂತೀರಿ." ಅವರು ಬಾಗಿಲಲ್ಲಿ ತಿರುಗಿ ನಿಂತರು. "ಒಂದು ದಿಂಬಿಗೆ ಈಗ ಜಾಗ ಇಲ್ಲದ ಹಾಗಾಯ್ತು. ಅದು ಬೇರೆ."

ಮದುವೆಯ ದಿನ ಜೈಲರ್ ಸಾಹೇಬರು ಬಂದವರಿಗೆಲ್ಲ ಬೀಗರನ್ನು ಪರಿಚಯ ಮಾಡಿಸಿದರು. "ಇವರ ತಾತ ಛತ್ರಿ ರಿಪೇರಿ ಮಾಡ್ತಿದ್ರು. ಇವರೇ ಹೇಳಿಕೊಂಡ್ರು. ಅಂಥ ನಿಯತ್ತಿನ ಮನುಷ್ಯ." ಕನ್ನಡಕದವರು ಪ್ರತಿಯೊಬ್ಬರಿಗೂ ಛತ್ರಿ ತಾತನ ಕಥೆ ಹೇಳಿದರು. ಒಬ್ಬೊಬ್ಬರಿಗೆ ಹೇಳುವಾಗಲೂ ತಾತನ ಹೆಗಲು ಒಂದಿಷ್ಟು ಎತ್ತರವಾಗುತ್ತ ಹೋಯಿತು.

ಊಟದ ಹೊತ್ತಿಗೆ ಸಾಹೇಬರು ಬೀಗರ ಕಿವಿಯ ಹತ್ತಿರ ಬಗ್ಗಿದರು. "ಬೀಗ್ರೇ, ನಿಮ್ಮ ಹಿತ್ತಲಲ್ಲಿ ಉಳಿದ ಕಲ್ಲುಗಳಿದಾವಲ್ಲ, ಅವರು ಯಾರ ಕಡೆಯೋರು ಅಂತ ಏನಾದ್ರೂ ತಿಳೀತಾ?"

ಹೆಂಡತಿ ಗಂಡನ ಅಂಗಿಯ ತುದಿ ಜಗ್ಗಿದಳು. ಕನ್ನಡಕದವರು ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಬಹಳ ಗಂಭೀರವಾಗಿ ಯೋಚಿಸಿದರು.

"ಗೊತ್ತಿಲ್ಲ ಬೀಗ್ರೇ" ಎಂದರು. "ಒಳಗೆ ವಿಚಾರಿಸಿ ಹೇಳ್ತೀನಿ."